ಬಿತ್ತಿದ ಬೀಜ ಮೇಲೆ ಬರಲಿಲ್ಲವೇ? ಮೊದಲು ಮಣ್ಣು ಕೆದಕಿ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಪೂರ್ವಕ್ಕೆ ಒಂದು ಬಾಲ್ಕನಿ ಇದೆ. ತಾರಸಿ ಬಳಸಿಕೊಳ್ಳಲು ಮಾಲೀಕರೂ ಒಪ್ಪಿದ್ದಾರೆ. ಜೂನ್‌ನಿಂದ ಈ ಸೆಪ್ಟೆಂಬರ್ ತನಕ ಮೂರು ಸಲ ಬೀಜ ಹಾಕಿದ್ದೇನೆ. ಅರ್ಧ ಕೊಕೊಪೀಟ್, ಅರ್ಧ ಎರೆಗೊಬ್ಬರ, ಜೊತೆಗೆ ಒಂದಷ್ಟು ಹಳೇ ಕುಂಡದ ಮಣ್ಣು. ಟ್ರೇಗೆ ಪ್ಲಾಸ್ಟಿಕ್ ಹೊದಿಸಿ ಅಡುಗೆಮನೆ ಕಿಟಕಿ ಹತ್ತಿರ ಇಟ್ಟು ಬೆಳಗ್ಗೆ, ಸಂಜೆ ಮಗ್ಗಿನಲ್ಲಿ ನೀರು ಹಾಕುತ್ತೇನೆ. ಟೊಮೇಟೊ ಚೆನ್ನಾಗಿ ಹುಟ್ಟಿತು, ಗೇಣುದ್ದ ಬೆಳೆಯಿತು, ಆಮೇಲೆ ಎರಡೇ ದಿನದಲ್ಲಿ ಬುಡದಲ್ಲಿ ಬಾಗಿ ಮಲಗಿತು. 20 ಮೆಣಸಿನಕಾಯಿ ಬೀಜದಲ್ಲಿ ಬಂದದ್ದು ಮೂರು. 12 ದಿನ ಕಾದು, ಆ ಮೂರನ್ನು ಲೋಟಗಳಿಗೆ ಹಾಕಿ ಟ್ರೇ ಖಾಲಿ ಮಾಡಿದೆ. ಕೊತ್ತಂಬರಿ, ಪೆಟೂನಿಯಾ ಒಂದೂ ಬರಲಿಲ್ಲ. ಚೆಂಡು ಹೂವು ಮಾತ್ರ ಚೆನ್ನಾಗಿದೆ. ಆನ್‌ಲೈನ್‌ನಲ್ಲಿ ತರಿಸಿದ ನೀಲಿ ಗುಲಾಬಿ ಬೀಜದಿಂದ ಏನೋ ಹುಲ್ಲು ಬಂದಿದೆ. ಅತ್ತೆ ನಿನಗೆ ಕೈಗುಣ ಇಲ್ಲ ಅಂತಾರೆ. ಪಕ್ಕದ ಮನೆಯವರು ಹುಣ್ಣಿಮೆ ನೋಡಿಕೊಂಡು ಬಿತ್ತಿ ಅಂತಾರೆ. ಪ್ಯಾಕೆಟ್ ಬೀಜವೇ ಮೋಸವಾ? ಹೈಬ್ರಿಡ್ ಅಂದರೆ ಕುಲಾಂತರಿಯಾ? ಇದೆಲ್ಲ ಬಿಟ್ಟು ನರ್ಸರಿಯಿಂದ ಸಸಿ ತಂದುಬಿಡಲಾ?

ಉತ್ತರ: ಮೂರು ಸಲ ಹಾಕಿ ಮೂರು ಸಲ ಕೈ ಸುಟ್ಟುಕೊಂಡವರಿಗೆ ಬೇಜಾರಾಗುವುದು ಸಹಜ. ಆದರೆ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ನೀವು ಒಂದೇ ಕೆಲಸದಲ್ಲಿ ಸೋತಿಲ್ಲ. ಟೊಮೇಟೊ ಹುಟ್ಟಿ ಸತ್ತಿದೆ, ಮೆಣಸಿನಕಾಯಿ ಹುಟ್ಟುವ ಮೊದಲೇ ನೀವು ಟ್ರೇ ಸುರಿದಿದ್ದೀರಿ, ಪೆಟೂನಿಯಾ ಮಣ್ಣಿನಡಿ ಉಸಿರು ಬಿಟ್ಟಿದೆ, ಗುಲಾಬಿ ಅದರೊಳಗೆ ಇರಲೇ ಇಲ್ಲ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಸೇರಿಸಿ ಕೈಗುಣ ಅಂತ ಕರೆದರೆ ಯಾವುದನ್ನೂ ಸರಿ ಮಾಡಲು ಆಗುವುದಿಲ್ಲ.

ಕೈಗುಣದ ಮಾತು ಬಂತಲ್ಲ, ಅತ್ತೆಯವರನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು 20 ವರ್ಷಕ್ಕಿಂತ ಜಾಸ್ತಿ ರೈತರಿಗೆ ತರಕಾರಿ ಪೈರು ಬೆಳೆಸಿಕೊಡುವ ನರ್ಸರಿ ನಡೆಸಿದ್ದೇನೆ. ಅಲ್ಲಿ ಕೆಲಸ ಮಾಡುವ ಕೆಲವು ಹೆಂಗಸರು ಮುಟ್ಟಿದ ಟ್ರೇ ಹಾಳಾಗುತ್ತಲೇ ಇರಲಿಲ್ಲ. ಅವರು ಏನು ಮಾಡುತ್ತಾರೆ ಅಂತ ಗಮನಿಸಿ ನೋಡಿದರೆ, ನೀರು ಹಾಕುವ ಮೊದಲು ಟ್ರೇಯ ಒಂದು ಮೂಲೆ ಎತ್ತಿ ತೂಕ ನೋಡುತ್ತಿದ್ದರು, ಅಷ್ಟೇ. ಭಾರ ಇದ್ದರೆ ಮುಂದಕ್ಕೆ ಹೋಗುವುದು, ಹಗುರ ಇದ್ದರೆ ನೀರು. ಕೈಗುಣ ಅಂದರೆ ಅದು. ನಿಮಗೂ ವಾರದಲ್ಲಿ ಬರುತ್ತದೆ.

ಇನ್ನು ಮೇಲೆ ಬೀಜ ಬರಲಿಲ್ಲ ಅಂತಾದರೆ ಟ್ರೇ ಸುರಿಯುವ ಮೊದಲು ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಕೆದಕಿ ಬೀಜ ಹುಡುಕಿ. ಹೊಸಬರು ಯಾರೂ ಈ ಕೆಲಸ ಮಾಡುವುದಿಲ್ಲ, ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಬೀಜ ಒತ್ತಿದರೆ ಪಿಚಕ್ ಅಂತ ಲೋಳೆಯಾಗುತ್ತದೆಯೇ? ನೀರು ಜಾಸ್ತಿಯಾಗಿ ಕೊಳೆತಿದೆ. ಹಾಕಿದಾಗ ಇದ್ದಂತೆಯೇ ಗಟ್ಟಿ ಇದೆಯೇ? ನೀರು ಒಳಕ್ಕೆ ಇಳಿದಿಲ್ಲ, ಅಥವಾ ಇನ್ನೂ ಹೊತ್ತು ಬೇಕು. ಸಿಪ್ಪೆ ಮಾತ್ರ ಸಿಕ್ಕಿತೇ? ಹುಳು ತಿಂದಿದೆ, ಇಲ್ಲವೇ ಒಳಗೆ ಮೊದಲೇ ಕಾಳಿರಲಿಲ್ಲ. ಮೊಳಕೆ ಒಡೆದು ಅರ್ಧ ದಾರಿಯಲ್ಲಿ ಸತ್ತಿದೆಯೇ? ಆಳವಾಗಿ ಹಾಕಿದ್ದೀರಿ, ಅಥವಾ ಮಧ್ಯೆ ಒಂದು ದಿನ ಒಣಗಲು ಬಿಟ್ಟಿದ್ದೀರಿ. ಬೀಜವೇ ಕಾಣುತ್ತಿಲ್ಲವೇ? ಇರುವೆ. ತಾರಸಿಯಲ್ಲಿ ದಂಟು, ಟೊಮೇಟೊದಂಥ ಸಣ್ಣ ಬೀಜವನ್ನು ಇರುವೆ ಸಾಲುಗಟ್ಟಿ ಹೊತ್ತೊಯ್ಯುತ್ತವೆ. ನಮ್ಮ ಅಜ್ಜಿ ಪಾತಿಯ ಸುತ್ತ ಅಕ್ಕಿನುಚ್ಚು ಉದುರಿಸುತ್ತಿದ್ದರು. ಇರುವೆ ಅದನ್ನು ಸಾಗಿಸುವುದರಲ್ಲೇ ನಾಲ್ಕು ದಿನ ಕಳೆಯುತ್ತಿದ್ದವು, ಅಷ್ಟರಲ್ಲಿ ದಂಟು ಹುಟ್ಟಿರುತ್ತಿತ್ತು.

ಈಗ ಟೊಮೇಟೊ ವಿಷಯ, ಇದನ್ನು ಸ್ವಲ್ಪ ಉದ್ದ ಹೇಳಬೇಕು. ಸಸಿ ಹಸಿರಾಗಿಯೇ ಇದ್ದು, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಬೆಂದಂತಾಗಿ, ದಾರದ ಹಾಗೆ ಸಣಕಲಾಗಿ ಮಲಗಿಬಿಟ್ಟರೆ ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ಮಣ್ಣಿನ ಜೀವಿಗಳ ಕೆಲಸ. ಹಳೇ ಕುಂಡದ ಮಣ್ಣಿನಲ್ಲಿ ಇವು ಬಹುತೇಕ ಇದ್ದೇ ಇರುತ್ತವೆ. ಬಲಿತ ಗಿಡಕ್ಕೆ ಸಾಮಾನ್ಯವಾಗಿ ಅಷ್ಟು ತೊಂದರೆ ಮಾಡುವುದಿಲ್ಲ, ಎಳೆ ಕಾಂಡ ಸಿಕ್ಕಿದರೆ ಬಿಡುವುದಿಲ್ಲ. ಅವಕ್ಕೆ ಬೇಕಾದದ್ದು ಯಾವಾಗಲೂ ಒದ್ದೆ ಇರುವ ಮೇಲ್ಮಣ್ಣು, ಗಾಳಿ ಆಡದ ಜಾಗ, ಒತ್ತೊತ್ತಾಗಿ ನಿಂತ ಸಸಿ. ನೀವು ದಿನಕ್ಕೆ ಎರಡು ಸಲ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಬಿಸಿಲಿಲ್ಲದ ಕಡೆ ಇಟ್ಟಿರಿ. ಅದೂ ಮಳೆಗಾಲದಲ್ಲಿ. ರೋಗಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ?

ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ನರ್ಸರಿ ಶುರು ಮಾಡಿದ ಮೊದಲ ಮಳೆಗಾಲದಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ರೈತರು ಮುಂಗಡ ಕೊಟ್ಟು ಹೇಳಿದ್ದ ಟೊಮೇಟೊ ಪೈರು. ಜಡಿಮಳೆ ಅಂತ ಪಾಲಿಹೌಸಿನ ಪರದೆ ಇಳಿಸಿ, ಸಂಜೆ ಹೊತ್ತು ನೀರೂ ಹಾಕಿದೆ. ಮೂರನೇ ದಿನ ನೋಡಿದರೆ ಟ್ರೇಗಳ ಮಧ್ಯೆ ತಟ್ಟೆಯಗಲದ ಬೋಳು ಜಾಗಗಳು. ವಾರದೊಳಗೆ ಅರ್ಧ ಮಾಲು ಹೋಯಿತು. ಮುಂಗಡ ವಾಪಸ್ ಕೊಟ್ಟೆ.

ಮಲಗಿದ ಸಸಿ ಮತ್ತೆ ಏಳುವುದಿಲ್ಲ. ಅರಿಶಿನ, ದಾಲ್ಚಿನ್ನಿ ಪುಡಿ ಉದುರಿಸಿ ಅಂತ ವೀಡಿಯೊಗಳಲ್ಲಿ ಹೇಳುತ್ತಾರೆ. ಅದರಿಂದ ಬಿದ್ದ ಸಸಿ ಎದ್ದದ್ದನ್ನು ನಾನಂತೂ ನೋಡಿಲ್ಲ. ಮಾಡಬೇಕಾದದ್ದು ಮೊದಲೇ ಮಾಡಬೇಕು. ಬಿತ್ತನೆಗೆ ಹಳೇ ಮಣ್ಣು ಬೇಡವೇ ಬೇಡ. ಮೂರು ಪಾಲು ಕೊಕೊಪೀಟಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಮೊದಲೆರಡು ಎಲೆ ಬಿಚ್ಚುವ ತನಕ ಸಸಿ ಬದುಕುವುದು ಬೀಜದೊಳಗಿನ ಬುತ್ತಿಯಿಂದ, ನಿಮ್ಮ ಗೊಬ್ಬರದಿಂದ ಅಲ್ಲ. ಕೊಕೊಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಹಿಂಡಿ, ಆ ಕಂದು ನೀರು ಚೆಲ್ಲಿ, ಇನ್ನೊಂದೆರಡು ಸಲ ಹಾಗೇ ಮಾಡಿ, ಯಾಕೆಂದರೆ ತೊಳೆಯದ ಮಾಲಿನಲ್ಲಿ ಉಪ್ಪಿನಂಶ ಇರುತ್ತದೆ. ಇದರದ್ದು ಇನ್ನೊಂದು ಮೋಸ ಇದೆ: ಮೇಲೆ ಒಣಗಿ ತಿಳಿ ಬಣ್ಣಕ್ಕೆ ತಿರುಗಿದಾಗಲೂ ಒಳಗೆ ಒದ್ದೆ ಇರುತ್ತದೆ. ನೋಡಿದವರು ಪಾಪ ಅಂತ ಇನ್ನೊಂದು ಮಗ್ಗು ಸುರಿಯುತ್ತಾರೆ. ಅದಕ್ಕೇ ತೂಕ ನೋಡಿ ಅಂದದ್ದು.

ಮಿಶ್ರಣಕ್ಕೆ ಟ್ರೈಕೋಡರ್ಮಾ ಪುಡಿ ಸೇರಿಸಬಹುದು. ಇದು ಒಳ್ಳೆಯ ಶಿಲೀಂಧ್ರ, ಕೆಟ್ಟದ್ದಕ್ಕೆ ಜಾಗ ಬಿಡದೆ ಬೆಳೆಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಅಳತೆ ಸಾಕು, ಮುಗಿಯುವ ದಿನಾಂಕ ನೋಡಿ ತನ್ನಿ, ಬಿಸಿಲಲ್ಲಿ ಇಟ್ಟರೆ ಅದೇ ಸಾಯುತ್ತದೆ. ರೋಗ ಬಂದ ಮೇಲೆ ಹಾಕಿ ಪ್ರಯೋಜನ ಕಮ್ಮಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಅಂತ ಒಳ್ಳೆಯ ಸೂಕ್ಷ್ಮಜೀವಿಗಳ ಮಿಶ್ರಣ ಒಂದು ಮಾಡಿದ್ದಾರೆ, ಸಸಿ ಬೆಳೆಸುವ ಕೊಕೊಪೀಟಿಗೆ ಅದನ್ನೂ ಸೇರಿಸುತ್ತಾರೆ. ದೊಡ್ಡ ನರ್ಸರಿಗಳಲ್ಲಿ ಕ್ಯಾಪ್ಟಾನ್ ಥರದ ಶಿಲೀಂಧ್ರನಾಶಕ ಹಾಕುವುದುಂಟು, ನಾನೂ ಹಾಕಿಸಿದ್ದೇನೆ. ಕೆಲಸ ಮಾಡುತ್ತದೆ. ಆದರೆ ಹತ್ತು ಸಸಿಗೋಸ್ಕರ ಅಡುಗೆಮನೆ ಕಿಟಕಿಗೆ ವಿಷ ತರುವುದು ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ಮಕ್ಕಳಿದ್ದರಂತೂ ಬೇಡ.

ಹೊದಿಕೆ ಮೊಳಕೆ ಬರುವ ತನಕ ಮಾತ್ರ. ಮೊದಲ ಹಸಿರು ಕಂಡ ದಿನವೇ ತೆಗೆಯಿರಿ. ನೀರು ಬೆಳಗ್ಗೆ ಹಾಕಿ, ಸಂಜೆಗೆ ಮೇಲ್ಭಾಗ ಒಣಗಿರಲಿ. ಮಗ್ಗು ಬಿಟ್ಟುಬಿಡಿ. ನೀರಿನ ಬಾಟಲಿಯ ಮುಚ್ಚಳಕ್ಕೆ ಬಿಸಿ ಸೂಜಿಯಲ್ಲಿ ಏಳೆಂಟು ತೂತು ಮಾಡಿದರೆ ಅದೇ ಒಳ್ಳೆಯ ಸಾಧನ. ಇಲ್ಲದಿದ್ದರೆ ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿಂದ ಕುಡಿಸಿ ತೆಗೆಯಿರಿ.

ಗೇಣುದ್ದ ಬೆಳೆಯಿತು ಅಂದಿರಲ್ಲ, ಅದು ಚೆನ್ನಾಗಿ ಬೆಳೆದದ್ದಲ್ಲ. ಬೆಳಕು ಹುಡುಕಿಕೊಂಡು ಓಡಿದ್ದು. ಕತ್ತಲಲ್ಲಿದ್ದ ಸಸಿ, ತಾನಿನ್ನೂ ಮಣ್ಣಿನಡಿಯೇ ಇದ್ದೇನೆ ಅನ್ನುವ ಹಾಗೆ ಇದ್ದ ಬುತ್ತಿಯನ್ನೆಲ್ಲ ಉದ್ದಕ್ಕೆ ಸುರಿಯುತ್ತದೆ. ಕಾಂಡ ದಪ್ಪವಾಗುವುದಕ್ಕೆ ಏನೂ ಉಳಿಯುವುದಿಲ್ಲ. ಅಡುಗೆಮನೆ ಕಿಟಕಿ ನಮ್ಮ ಕಣ್ಣಿಗೆ ಬೆಳಕು, ಸಸಿಗೆ ಅದು ಸಂಜೆ ಏಳು ಗಂಟೆ. ಮೊಳಕೆ ಒಡೆದ ದಿನದಿಂದಲೇ ಟ್ರೇ ಬಾಲ್ಕನಿಯ ಬೆಳಗಿನ ಬಿಸಿಲಿಗೆ ಹೋಗಲಿ, ಮುಂದಿನ ವಾರ ತಾರಸಿಗೆ. ಜೋರು ಮಳೆ ಬಂದರೆ ಮಾತ್ರ ಒಳಗೆ ತನ್ನಿ, ಹನಿ ಬಡಿದು ಸಸಿ ಮಲಗುತ್ತದೆ. ದಿನಕ್ಕೊಂದೆರಡು ಸಲ ಸಸಿಗಳ ತಲೆ ಮೇಲೆ ಅಂಗೈ ಹಗುರವಾಗಿ ಆಡಿಸಿ. ಹುಚ್ಚು ಅನ್ನಿಸಬಹುದು, ಆದರೆ ಗಾಳಿಗೆ ಅಲುಗಾಡಿದ ಹಾಗಾಗಿ ಕಾಂಡ ಗಿಡ್ಡಗೆ, ಗಟ್ಟಿಯಾಗಿ ಬರುತ್ತದೆ. ಸ್ವಲ್ಪ ಉದ್ದ ಆಗಿಯೇ ಹೋದರೆ ಟೊಮೇಟೊಗೆ ಒಂದು ದಾರಿ ಇದೆ: ನಾಟಿ ಮಾಡುವಾಗ ಕಾಂಡವನ್ನು ಬೀಜದೆಲೆಯ ತನಕ, ಅಂದರೆ ಮೊದಲು ಬಿಚ್ಚಿದ ಜೋಡಿ ಎಲೆಯ ತನಕ, ಮಣ್ಣಲ್ಲಿ ಹೂತುಬಿಡಿ, ಹೂತಷ್ಟೂ ಕಡೆ ಬೇರು ಬಿಡುತ್ತದೆ. ಈ ಉಪಾಯ ಎಲ್ಲ ಗಿಡಕ್ಕೂ ನಡೆಯುವುದಿಲ್ಲ, ಪಾಲಕ್ ಸುಳಿ ಮುಚ್ಚಿದರೆ ಕೊಳೆತುಹೋಗುತ್ತದೆ.

ಮೆಣಸಿನಕಾಯಿಯಲ್ಲಿ ನೀವು ಮಾಡಿದ ತಪ್ಪು ಅವಸರ, ಇನ್ನೇನಿಲ್ಲ. ಟೊಮೇಟೊ ಒಂದು ವಾರದೊಳಗೆ ಹುಟ್ಟುತ್ತದೆ, ಅದನ್ನು ನೋಡಿ ಇದೂ ಹಾಗೇ ಬರಬೇಕು ಅಂದುಕೊಳ್ಳುತ್ತೇವೆ. ಬೇಸಿಗೆಯ ಸೆಕೆಯಲ್ಲಿ ಮೆಣಸಿನಕಾಯಿ ಎಂಟ್ಹತ್ತು ದಿನಕ್ಕೆ ಬರಬಹುದು. ಬೆಂಗಳೂರಿನ ಜುಲೈ ತಂಪಿಗೆ ಮೂರು ವಾರ ತೆಗೆದುಕೊಂಡರೂ ಆಶ್ಚರ್ಯ ಇಲ್ಲ. 12ನೇ ದಿನ ಮೂರು ಬಂದಿತ್ತು ಅಂದರೆ ಅದು ಆರಂಭ. ನೀವು ಸುರಿದ ಮಣ್ಣು ಯಾವ ಕುಂಡಕ್ಕೆ ಹೋಯಿತು ನೋಡಿ, ಅಲ್ಲಿ ಮೆಣಸಿನ ಸಸಿ ಎದ್ದಿದ್ದರೂ ಎದ್ದಿರಬಹುದು.

ಕೊತ್ತಂಬರಿ ಬೀಜ ಎಲ್ಲಿಂದ ತಂದಿರಿ ಅಂತ ಬರೆದಿಲ್ಲ. ಡಬ್ಬಿಯ ಧನಿಯಾ ಆಗಿದ್ದರೆ ಅದೂ ಹುಟ್ಟಬಹುದು, ಆದರೆ ಎಷ್ಟು ಹಳೆಯದು ಅನ್ನುವುದು ಯಾರಿಗೂ ಗೊತ್ತಿಲ್ಲ. ನಾವು ಒಂದು ಕಾಳು ಅನ್ನುವುದು ನಿಜವಾಗಿ ಎರಡು ಬೀಜ ಸೇರಿದ ಕಾಯಿ. ಲಟ್ಟಣಿಗೆಯಲ್ಲಿ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ಪುಡಿ ಮಾಡಬೇಡಿ. ರಾತ್ರಿ ನೆನೆಸಿ ಬೆಳಗ್ಗೆ ನೀರು ಬಸಿದು, ಬೆಳೆಯುವ ಕುಂಡದಲ್ಲೇ ನೇರವಾಗಿ ಬಿತ್ತಿ. ಅರ್ಧ ಇಂಚು ಆಳ. ಹತ್ತು ದಿನವಾದರೂ ಕಾಯಬೇಕು. ಪಾರಿವಾಳ ಬರುವ ತಾರಸಿಯಾದರೆ ಮೇಲೆ ಬಲೆ ಅಥವಾ ಹಳೇ ಸೊಳ್ಳೆಪರದೆ ಹಾಕದೆ ಬಿತ್ತಲೇಬೇಡಿ.

ಪೆಟೂನಿಯಾ ಹೊಸಬರ ಹೂವಲ್ಲ. ಬೀಜ ಧೂಳಿನ ಹಾಗೆ, ಒಂದು ಗ್ರಾಂಗೆ ಸುಮಾರು 10,000 ಬೀಜ. ಅಷ್ಟು ಸಣ್ಣ ಬೀಜದಲ್ಲಿ ಮಣ್ಣು ತಳ್ಳಿಕೊಂಡು ಬರುವಷ್ಟು ಬುತ್ತಿ ಎಲ್ಲಿರುತ್ತದೆ? ಅದೂ ಅಲ್ಲದೆ ಅದು ಮೊಳೆಯಲು ಬೆಳಕು ಬೇಕು. ಬೀಜದ ದಪ್ಪದ ಎರಡು-ಮೂರು ಪಟ್ಟು ಆಳ ಅನ್ನುವುದು ಸಾಮಾನ್ಯ ಲೆಕ್ಕ. ಆ ಲೆಕ್ಕದಲ್ಲಿ ಹುರುಳಿಕಾಯಿ ಬೀಜ ಒಂದಿಂಚು ಹೋಗುತ್ತದೆ, ಪೆಟೂನಿಯಾ ಒಳಗೇ ಹೋಗುವುದಿಲ್ಲ. ಚಿಟಿಕೆ ಮರಳಿನ ಜೊತೆ ಕಲಸಿ ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಅಂಗೈಯಲ್ಲಿ ಒತ್ತಿ ಬಿಡಿ. ನೀರು ಕೆಳಗಿಂದಲೇ. ನಮ್ಮ ಕಡೆ ಇದನ್ನು ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಚಳಿಗಾಲಕ್ಕೆ ಹೂವು ಬರುತ್ತದೆ. ನೀವು ಮಳೆಗಾಲದ ನಡುವೆ ಹಾಕಿದ್ದರೆ, ಹುಟ್ಟಿದ್ದರೂ ಉಳಿಯುವುದು ಕಷ್ಟವಿತ್ತು. ಮೊದಲ ವರ್ಷ ಚೆಂಡು ಹೂವು, ಝಿನ್ನಿಯಾ, ಕಾಸ್ಮೋಸ್, ಸಂಜೆಮಲ್ಲಿಗೆ ಸಾಕು. ಶಂಖಪುಷ್ಪ ಹಾಕುವುದಾದರೆ ಬೀಜದ ಸಿಪ್ಪೆ ಗಟ್ಟಿ, ಉಗುರು ಉಜ್ಜುವ ಅರದಲ್ಲಿ ಒಂದು ಕಡೆ ಸ್ವಲ್ಪ ತಿಕ್ಕಿ ರಾತ್ರಿ ನೆನೆಸಿ.

ನೀಲಿ ಗುಲಾಬಿ. ಏನು ಹೇಳಲಿ! ಗುಲಾಬಿ ಗಿಡಕ್ಕೆ ನೀಲಿ ಬಣ್ಣ ಮಾಡುವ ಶಕ್ತಿಯೇ ಸ್ವಾಭಾವಿಕವಾಗಿ ಇಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ ವರ್ಷಗಟ್ಟಲೆ ಕಷ್ಟಪಟ್ಟು 2009ರಲ್ಲಿ ಮಾರುಕಟ್ಟೆಗೆ ತಂದ ಗುಲಾಬಿಯೂ ನೋಡಲು ತಿಳಿ ನೇರಳೆಯೇ. ಇನ್ನು ಗುಲಾಬಿಯನ್ನು ಯಾರೂ ಬಣ್ಣಕ್ಕೋಸ್ಕರ ಬೀಜದಿಂದ ಬೆಳೆಸುವುದಿಲ್ಲ, ಕಡ್ಡಿ ನೆಟ್ಟು ಅಥವಾ ಕಣ್ಣು ಕಸಿ ಮಾಡಿ ಬೆಳೆಸುತ್ತಾರೆ. ಬೀಜದ ಗಿಡ ತಾಯಿಯಂತೆ ಬರುವುದಿಲ್ಲ. ಆ ಹುಲ್ಲನ್ನು ಬೀಜ ಕಟ್ಟುವ ಮೊದಲು ಕಿತ್ತು ಹಾಕಿ, ಯಾವ ಊರಿನ ಕಳೆಯೋ ಏನೋ.

ಹಾಗಂತ ಎಲ್ಲ ಪ್ಯಾಕೆಟ್ಟೂ ಮೋಸ ಅಲ್ಲ. 1966ರ ಬೀಜ ಕಾಯಿದೆಯ ಪ್ರಕಾರ ತಳಿಗಳಿಗೆ ಕನಿಷ್ಠ ಮೊಳಕೆ ಪ್ರಮಾಣ ನಿಗದಿಯಾಗಿದೆ. ಟೊಮೇಟೊಗೆ 70%, ಮೆಣಸಿನಕಾಯಿಗೆ 60%. ಅಂದರೆ ಕಾನೂನಿನ ಲೆಕ್ಕದಲ್ಲಿ ಒಳ್ಳೆಯ ಬೀಜವೇ ಆಗಿದ್ದರೂ ನಿಮ್ಮ 20 ಮೆಣಸಿನ ಬೀಜದಲ್ಲಿ 12 ಬಂದರೆ ಸರಿ. ಕೊಳ್ಳುವಾಗ ಪರೀಕ್ಷೆ ಮಾಡಿದ ದಿನಾಂಕ, ಎಲ್ಲಿಯ ತನಕ ಚಾಲ್ತಿ, ಮೊಳಕೆ ಪ್ರಮಾಣ ಈ ಮೂರು ಅಚ್ಚಾಗಿದೆಯೇ ನೋಡಿ. ಪಾರದರ್ಶಕ ಕವರಿನಲ್ಲಿ ಬರೀ ಬಣ್ಣದ ಚಿತ್ರ ಅಂಟಿಸಿ 40 ಬಗೆ ಬೀಜ ಒಟ್ಟಿಗೆ ಕೊಡುವವರ ಹತ್ತಿರ ಇದು ಇರುವುದಿಲ್ಲ. ಹೆಸರಘಟ್ಟದ ಬೀಜ ಸಿಕ್ಕರೆ ಧೈರ್ಯವಾಗಿ ತನ್ನಿ: ಬೆಂಡೆಗೆ ಅರ್ಕಾ ಅನಾಮಿಕಾ, ಹುರುಳಿಕಾಯಿಗೆ ಅರ್ಕಾ ಕೋಮಲ್, ಕೊತ್ತಂಬರಿಗೆ ಅರ್ಕಾ ಇಶಾ.

ಅನುಮಾನ ಇದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೆಸರುಕಾಳು ಮೊಳಕೆ ಕಟ್ಟಿದ ಹಾಗೆ ಡಬ್ಬಿಯಲ್ಲಿಟ್ಟು ನೋಡಿ. ಹತ್ತರಲ್ಲಿ ಎಂಟು ಮೊಳೆತರೆ ಬೀಜ ಸರಿ ಇದೆ, ತಪ್ಪನ್ನು ಬೇರೆ ಕಡೆ ಹುಡುಕಿ. ಎರಡು ಮೊಳೆತರೆ ಪ್ಯಾಕೆಟ್ ಬಿಸಾಕಿ. ಗುಲಾಬಿ, ಹಸಿರು ಬಣ್ಣದ ಪುಡಿ ಮೆತ್ತಿದ ಬೀಜ ಮುಟ್ಟಿದ ಮೇಲೆ ಕೈ ತೊಳೆಯಿರಿ, ಅದು ಔಷಧಿ. ಉಳಿದ ಬೀಜವನ್ನು ಒಣಗಿದ ಗಾಜಿನ ಶೀಶೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಸೆಕೆ ಮತ್ತು ತೇವ ಎರಡೇ ಬೀಜದ ಶತ್ರು. ಹಿಂದಿನವರು ಕುಂಬಳದ ಬೀಜವನ್ನು ಸಗಣಿಯಲ್ಲಿ ತಟ್ಟಿ ಗೋಡೆಗೆ ಅಂಟಿಸುತ್ತಿದ್ದದ್ದು, ಕಾಳಿಗೆ ಬೂದಿ ಬೆರೆಸುತ್ತಿದ್ದದ್ದು ಬೀಜ ಒಣಗಿರಲಿ, ಹುಳು ಬೀಳದಿರಲಿ ಅಂತಲೇ. ಎಷ್ಟು ಜೋಪಾನ ಮಾಡಿದರೂ ಈರುಳ್ಳಿ ಬೀಜ ವರ್ಷ ದಾಟಿದರೆ ನಂಬುವಂತಿಲ್ಲ, ಟೊಮೇಟೊ ನಾಲ್ಕು ವರ್ಷ ನಡೆಯುತ್ತದೆ.

ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ. ಒಂದು ಟೊಮೇಟೊ ತಳಿಯ ಪರಾಗವನ್ನು ಇನ್ನೊಂದು ಟೊಮೇಟೊ ತಳಿಯ ಹೂವಿಗೆ ಮುಟ್ಟಿಸಿ ಪಡೆದದ್ದು ಹೈಬ್ರಿಡ್. ಬೇರೆ ಜೀವಿಯ ಜೀನ್ ತಂದು ಸೇರಿಸಿದ್ದು ಕುಲಾಂತರಿ. ಅದರಲ್ಲಿ ನಮ್ಮ ರೈತರ ಹೊಲಕ್ಕೆ ಬಂದಿರುವುದು ಬಿಟಿ ಹತ್ತಿ, 2002ರಲ್ಲಿ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲೇ ತಡೆ ಬಿತ್ತು. ಹಾಗಾಗಿ ಆ ಹೆದರಿಕೆ ಬಿಡಿ. ಹೈಬ್ರಿಡ್‌ನ ತೊಂದರೆ ಬೇರೆ: ಅದರ ಹಣ್ಣಿನ ಬೀಜ ಹಾಕಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಮಾರ್ಕೆಟ್ ಟೊಮೇಟೊ ಬಹುಪಾಲು ಹೈಬ್ರಿಡ್ಡೇ. ಅದನ್ನು ಹಿಂಡಿ ಬಿತ್ತಿದರೆ ಗಿಡ ಬರುತ್ತದೆ, ಹಣ್ಣು ಹೇಗಿರುತ್ತದೆ ಅನ್ನುವುದು ಅದೃಷ್ಟ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಹೈಬ್ರಿಡ್ ಅಲ್ಲದ ಅರ್ಕಾ ವಿಕಾಸ್ ಥರದ ತಳಿ ಅಥವಾ ನಾಟಿ ತಳಿ ಹಾಕಿ.

ಹುಣ್ಣಿಮೆ ನೋಡಿ ಬಿತ್ತುವುದರಿಂದ ನಷ್ಟ ಏನಿಲ್ಲ. ನಾನಂತೂ ಆರ್ಡರ್ ಬಂದ ದಿನ ಬಿತ್ತಿದವನು, ವ್ಯತ್ಯಾಸ ಕಾಣಲಿಲ್ಲ. ಚಂದ್ರನಿಗಿಂತ ತಿಂಗಳು ಮುಖ್ಯ.

ಕೊನೆಗೆ ನರ್ಸರಿ ಸಸಿ. ತರಬಹುದು, ಅದರಲ್ಲಿ ನಾಚಿಕೆ ಏನಿದೆ? ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ರೈತರೇ ಟೊಮೇಟೊ ಬೀಜ ಹಾಕುವುದಿಲ್ಲ, ನಮ್ಮಂಥವರಿಂದ ಪೈರು ಒಯ್ಯುತ್ತಾರೆ. ಆದರೆ ಎಲೆ ಮಗುಚಿ ಕೆಳಗೆ ಬಿಳಿ ನೊಣ ಇದೆಯೇ ನೋಡದೆ ತರಬೇಡಿ. ಟೊಮೇಟೊ ಎಲೆ ಮುಟುರು ರೋಗ ಅದರ ಜೊತೆಗೇ ಮನೆಗೆ ಬರುತ್ತದೆ, ಬಂದರೆ ಔಷಧಿ ಇಲ್ಲ. ಟ್ರೇಯಲ್ಲೇ ಹೂ ಬಿಟ್ಟ ಸಸಿ ವಯಸ್ಸಾದದ್ದು, ನಾಲ್ಕೈದು ಎಲೆಯ 25-30 ದಿನದ ಟೊಮೇಟೊ ಸಸಿ ಸಾಕು. ತಳಿ ಯಾವುದು ಅಂತ ಕೇಳಿ, ಹೇಳಲು ಗೊತ್ತಿಲ್ಲದವರ ಹತ್ತಿರ ತರಬೇಡಿ. ಮೂಲಂಗಿ, ಕ್ಯಾರೆಟ್, ಕೊತ್ತಂಬರಿ, ಹುರುಳಿಕಾಯಿ ಸಸಿ ಯಾರಾದರೂ ಮಾರಿದರೆ ಸುಮ್ನೆ ಬಂದುಬಿಡಿ. ಅವನ್ನು ಬೆಳೆಯುವ ಜಾಗದಲ್ಲೇ ಬಿತ್ತಬೇಕು, ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ, ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ತಿಂಗಳು ಟೊಮೇಟೊ ಸಸಿ ನಾಲ್ಕು ತಂದು ತಾರಸಿಯಲ್ಲಿ ನೆಡುತ್ತಿದ್ದೆ, ಪಕ್ಕದಲ್ಲೇ ದಂಟು, ಮೂಲಂಗಿ, ಹುರುಳಿಕಾಯಿ ಬೀಜ ನೇರವಾಗಿ ಕುಂಡಕ್ಕೆ ಬಿತ್ತುತ್ತಿದ್ದೆ. ದಂಟು ನಾಲ್ಕೈದು ದಿನಕ್ಕೆ ಹುಟ್ಟುತ್ತದೆ, ಅತ್ತೆಯವರನ್ನು ಕರೆದು ತೋರಿಸಬಹುದು. ಟ್ರೇಯಲ್ಲಿ ಸಸಿ ಮಾಡುವ ಪ್ರಯೋಗ ಸಣ್ಣದಾಗಿ, ಹತ್ತೇ ಗುಣಿಯಲ್ಲಿ ಮುಂದುವರಿಯಲಿ.

ಲೋಟಕ್ಕೆ ಹಾಕಿದ ಆ ಮೂರು ಮೆಣಸಿನ ಸಸಿ ಇನ್ನೂ ಬದುಕಿದ್ದರೆ, ಆರೇಳು ಎಲೆ ಬಂದ ಮೇಲೆ ಒಂದೊಂದನ್ನು ಒಂದಡಿ ಆಳದ ಕುಂಡಕ್ಕೆ, ಸಂಜೆ ಹೊತ್ತು, ಬೇರಿನ ಮಣ್ಣು ಉದುರದಂತೆ ಇಳಿಸಿ ಎರಡು ದಿನ ನೆರಳಲ್ಲಿಡಿ. ಲೋಟದ ತಳಕ್ಕೆ ತೂತು ಮಾಡಿದ್ದೀರಿ ತಾನೇ?